ಕೊಯ್ಯದೆ ಬಿಚ್ಚಿದ ಗಂಟು

“ಮೊದಲ ಒಂದ ಉಂಡಿ ತಿನ್ನು, ಆಮ್ಯಾಲ ಏನ ಕೇಳತಿ ಕೇಳು.”

ಶೋಭಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗೋಕಾಕದಲ್ಲಿ ಸಬ್‌ಇನ್ಸ್‌ಪೆಕ್ಟರ್ ಆಗಿ ಎಂತೆಂಥವರನ್ನೋ ಎದುರಿಗೆ ಕೂಡಿಸಿಕೊಂಡು ಬಾಯಿ ಬಿಡಿಸಿದವಳು ಅವಳು. ಸುಳ್ಳು ಹೇಳಿದವರಿದ್ದರು, ಗೋಳೋ ಎಂದು ಅತ್ತವರಿದ್ದರು, ಎದೆನೋವೆಂದು ನೆಲಕ್ಕೆ ಬಿದ್ದವರೂ ಇದ್ದರು. ಆದರೆ ಕೇಳಿದ ಪ್ರಶ್ನೆಗೆಲ್ಲ ತಿನ್ನುವ ತಾಟು ಮುಂದೆ ಮಾಡಿದವರು ಒಬ್ಬರೂ ಇರಲಿಲ್ಲ. ಬೆಲ್ಲದ ಬಾಗೇವಾಡಿಯ ಈ ತವರುಮನೆಯಲ್ಲಿ ಬೆಳಗಿನಿಂದ ಅದೇ ನಡೆದಿತ್ತು. ಸೋದರತ್ತೆಯನ್ನು ಕೇಳಿದರೆ ಶೇಂಗಾ ಉಂಡಿ, ಚಿಕ್ಕಮ್ಮನನ್ನು ಕೇಳಿದರೆ ಅಳ್ಳಿಟ್ಟು. ಈಗ ಹೆತ್ತ ತಾಯಿ ದುಂಡವ್ವ ಅಡುಗೆಮನೆಯ ಹೊಸ್ತಿಲಲ್ಲಿ ಎಳ್ಳುಂಡಿಯ ತಾಟು ಹಿಡಿದು ನಿಂತಿದ್ದಳು. ಅವಳ ಹೆಬ್ಬೆರಳಿಗೆ ಅರಿಶಿನ ಮೆತ್ತಿತ್ತು.

“ಅವ್ವಾ, ನನಗ ಉಂಡಿ ಬ್ಯಾಡ. ಬೋರಮಾಳ ಎಲ್ಲಿ ಹೋತು ಅಂತ ಗೊತ್ತಾಗಬೇಕಾಗೈತಿ.”

“ಒಳಗ ಬಾರವ್ವ. ಒಂದ ಚೂರ ಕುಂತು ತಿನ್ನು.”

“ಬ್ಯಾಡ ಅಂದ್ರ ಬ್ಯಾಡ! ಎಷ್ಟ ಸಲ ಹೇಳಬೇಕು ನಿನಗ?”

ದುಂಡವ್ವ ಏನೋ ಹೇಳಲು ಬಾಯಿ ತೆರೆದಳು. ಹಿಂದಿನಿಂದ ಯಾರೋ ನೀರು ಕೇಳಿದರು. ತಾಟು ಹಿಡಿದುಕೊಂಡೇ ಒಳಗೆ ಹೋದಳು.

ಅವತ್ತು ನಾಗರಪಂಚಮಿ. ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು ಎಲ್ಲರೂ ಮನೆಗೆ ಬಂದಾಗ ಆಯಿಯ ಬೋರಮಾಳ ಕಾಣೆಯಾಗಿತ್ತು; ಹೊತ್ತು ಮುಳುಗುವುದರೊಳಗೆ ಕದ್ದವರು ಯಾರೆಂದು ತಿಳಿಯದಿದ್ದರೆ ಹೊಸ ಸೊಸೆ ಸುಮನ್ ತವರಿಗೆ ಹೋಗಬೇಕು, ಮತ್ತೆ ಈ ಹೊಸ್ತಿಲು ತುಳಿಯಕೂಡದು. ಇದು ಕಾಶಿನಾಥ ಕಾಕಾನ ತೀರ್ಪು. ಶೋಭಾಳ ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ಅಪ್ಪನ ತಮ್ಮನಾದ ಕಾಕಾ ಹೇಳಿದ್ದೇ ನಡೆಯುತ್ತಿತ್ತು.

ಬೋರಮಾಳವೆಂದರೆ ಬೋರೆಹಣ್ಣಿನ ಹಾಗೆ ದುಂಡಗಿರುವ ಬಂಗಾರದ ಗುಂಡುಗಳ ಸರ. ಅಜ್ಜಿ ಶೆಟ್ಟೆವ್ವನನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ಆಕೆಯ ಅತ್ತೆಯ ಕಾಲದಿಂದ ಬಂದ ಒಡವೆ ಅದು. ಆ ವರ್ಷ ಮದುವೆಯಾದವಳು, ಮಗಳಾಗಲಿ ಸೊಸೆಯಾಗಲಿ, ಪಂಚಮಿಯ ದಿನ ಅದನ್ನು ಕೊರಳಿಗೆ ಹಾಕಿಕೊಂಡು ಜೋಕಾಲಿ ಜೀಕಬೇಕು. ಹಬ್ಬ ಮುಗಿದ ಮೇಲೆ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಜಗಲಿಯ ಮೇಲಿಟ್ಟರೆ ಮತ್ತೆ ಬಿಚ್ಚುವುದು ಮುಂದಿನ ಪಂಚಮಿಗೇ. ಹೋದ ವರ್ಷ ಶೋಭಾ ಹಾಕಿಕೊಂಡಿದ್ದಳು. ಈ ವರ್ಷ ಅದು ಸುಮನ್‌ಳ ಕೊರಳಿಗೆ ಬರಬೇಕಿತ್ತು.

ಬಂದದ್ದು ಕಳ್ಳಿ ಎಂಬ ಹೆಸರು.

ಸುಮನ್ ಪಡಸಾಲೆಯ ಬಾಗಿಲಲ್ಲಿ ಬ್ಯಾಗನ್ನು ತೊಡೆಗೆ ಆನಿಸಿಕೊಂಡು ಕೂತಿದ್ದಳು. ಆ ಬ್ಯಾಗನ್ನು ಆಗಲೇ ತಲೆಕೆಳಗು ಮಾಡಿ ನೋಡಿದ್ದರು. ಹಬ್ಬಕ್ಕೆಂದು ಅವಳನ್ನು ತವರಿಗೆ ಕರೆದೊಯ್ಯಲು ಮೂಡಲಗಿಯಿಂದ ಬಂದಿದ್ದ ಅಣ್ಣ ರಾಹುಲ ಅಂಗಳದಲ್ಲಿ ಮೋಟಾರ್ ಸೈಕಲ್ಲಿಗೆ ಒರಗಿ ನಿಂತಿದ್ದ. ನಿನ್ನೆಯೇ ಬರಬೇಕಾದವನು ಅವನು. ಹೊಳೆಗೆ ನೀರು ಬಂದು ಸೇತುವೆ ಮುಳುಗಿತ್ತೆಂದು ಇವತ್ತು ಸುತ್ತು ಹಾಕಿ ಬಂದಿದ್ದ. ಬಂದವನ ಜೇಬನ್ನೂ ತಡಕಿದ್ದಾಯಿತು. ಬೀಗರ ಮನೆಗೆಂದು ಅವನು ಗೋಕಾಕದಲ್ಲಿ ಕೊಂಡು ತಂದಿದ್ದ ಕರದಂಟಿನ ಡಬ್ಬಿಯನ್ನೂ ಬಿಚ್ಚಿ ನೋಡಿದ್ದರು. ಅದು ಕಟ್ಟೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು, ಇರುವೆ ಮುತ್ತಿದ್ದವು. ಈ ಮನೆಯಲ್ಲಿ ಅವನು ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ.

ಇನ್ನು ಅವಳ ಗಂಡ, ಶೋಭಾಳ ತಮ್ಮ ಹನಮಂತ? ಬೇವಿನ ಮರದ ಕೆಳಗೆ ಮಕ್ಕಳನ್ನು ಜೋಕಾಲಿಯಲ್ಲಿ ತೂಗುತ್ತ ನಿಂತಿದ್ದ. ಕಟ್ಟಿಕೊಂಡ ಹೆಂಡತಿ ಬಾಗಿಲಲ್ಲಿ ಹೀಗೆ ಕೂತಿರುವಾಗ ಜೋಕಾಲಿ ತೂಗುವ ಗಂಡನನ್ನು ಏನೆಂದು ಕರೆಯಬೇಕೋ! ಶೋಭಾ ಎರಡು ಸಲ ಅವನ ರಟ್ಟೆ ಹಿಡಿದು ಕೇಳಿದ್ದಳು. “ಕಾಕಾ ಹೇಳ್ಯಾರಲ್ಲ” ಎಂದಷ್ಟೇ ಅಂದು ಮತ್ತೆ ಹಗ್ಗ ಹಿಡಿದಿದ್ದ.

ಶೋಭಾ ಸುಮನ್‌ಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ದೇವರ ಖೋಲಿಗೆ ಯಾಕ ಹೋಗಿದ್ದಿ? ಇನ್ನೊಮ್ಮೆ ಹೇಳು.”

“ಊರಿಗೆ ಹೊಂಟೀನಿ ಅಂತ ಕೈ ಮುಗ್ಯಾಕ ಹೋಗಿದ್ನಿ ಅಕ್ಕಾರ. ಮುಗದ ಹೊರಗ ಬರೂದ್ರಾಗ ಕಾಕಾರು ಎದುರಿಗೆ ಬಂದ್ರು.”

“ಗಂಟ ನೋಡಿದಿ?”

“ಬಿಚ್ಚಿದ್ದ ಬಿದ್ದಿತ್ರಿ. ಹೊರಗ ತಗದಿಟ್ಟಾರ ಅಂದ್ಕೊಂಡ್ನಿ.”

“ಚಾಕೂ?”

ಸುಮನ್ ತಲೆ ತಗ್ಗಿಸಿದಳು. “ಅದು ನನ್ನ ತಪ್ಪು ಖರೇರಿ. ಪಂಚಮಿ ದಿನ ಏನೂ ಕೊಯ್ಯಬಾರದು ಅಂತ ನನಗ ಯಾರೂ ಹೇಳಿದ್ದಿಲ್ಲ. ನಮ್ಮವ್ವ ನಾ ಸಣ್ಣಾಕಿ ಇದ್ದಾಗ ಹೋದ್ಲು. ನಮ್ಮ ಮನ್ಯಾಗ ಅಡಿಗಿ ಮಾಡಾಂವ ರಾಹುಲಣ್ಣ, ಆಂವಗೂ ಗೊತ್ತಿಲ್ರಿ.”

ಆ ಭಾಗದ ಮನೆಗಳಲ್ಲಿ ಪಂಚಮಿಯ ದಿನ ಒಲೆಗೆ ಹಂಚು ಏರುವುದಿಲ್ಲ, ಎಣ್ಣೆಯಲ್ಲಿ ಕರಿಯುವುದಿಲ್ಲ, ಹೆಚ್ಚುವುದು ಕೊಯ್ಯುವುದಂತೂ ಇಲ್ಲವೇ ಇಲ್ಲ. ಹಿಂದಿನ ದಿನವೇ ಈಳಿಗೆ ಅಟ್ಟ ಸೇರುತ್ತದೆ. ಉಂಡಿ, ಜೋಳದ ಅಳ್ಳು, ಕಡಲೆ ಉಸುಳಿ, ಕುದಿಸಿದ ಕಡುಬು, ಇಷ್ಟೇ ಊಟ. ಅಂಥ ಮನೆಯಲ್ಲಿ ಬೆಳ್ಳಂಬೆಳಿಗ್ಗೆ ಈ ಹುಡುಗಿ ತನ್ನ ಬ್ಯಾಗಿನಿಂದ ಪುಟ್ಟ ಚಾಕು ತೆಗೆದು ಸೌತೆಕಾಯಿ ಹೆಚ್ಚಿ ಮಕ್ಕಳಿಗೆ ಕೊಟ್ಟಿದ್ದಳು. ಹೆಂಗಸರೆಲ್ಲ ಹೌಹಾರಿ ಚಾಕು ಕಸಿದುಕೊಂಡಿದ್ದರು. ಬೋರಮಾಳ ಹೋದದ್ದು ಗೊತ್ತಾದ ಕೂಡಲೇ ಎಲ್ಲರ ಕಣ್ಣೂ ಅವಳ ಮೇಲೇ ಬಿತ್ತು.

“ಶೋಭಾ, ಹಬ್ಬದಾಗರ ಡ್ಯೂಟಿ ಬಿಡು ಮಾರಾಯ್ತಿ!”

ಅಂಗಳದಿಂದ ಕೂಗಿದವನು ಶೋಭಾಳ ಗಂಡ ಸೋಮಲಿಂಗ. ಹುಕ್ಕೇರಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು. ಮಾವನ ಮನೆಯಲ್ಲಿ ಅವನಷ್ಟು ಬೇಕಾದ ಅಳಿಯ ಇನ್ನೊಬ್ಬನಿರಲಿಲ್ಲ. ನಿಂಬೆಹಣ್ಣು ದೂರ ಒಗೆಯುವ ಪಣದಲ್ಲಿ ಓಣಿಯ ಹುಡುಗರನ್ನೆಲ್ಲ ಸೋಲಿಸಿ ಗೆದ್ದ ತೆಂಗಿನಕಾಯಿಗಳನ್ನು ಕಟ್ಟೆಯ ಮೇಲೆ ಗುಡ್ಡೆ ಹಾಕಿದ್ದ.

“ಕಾಕಾ, ಆಗಿದ್ದ ಆತು,” ಅಂದ ಅವನು, ಎಲ್ಲರಿಗೂ ಕೇಳುವಂತೆ. “ಮನಿ ಮಾತ ಮನ್ಯಾಗ ಇರಲಿ. ಪೊಲೀಸ ಕಂಪ್ಲೇಂಟ ಅದು ಇದು ಬ್ಯಾಡ. ಆಯಿಗೆ ನಾನ ಹೊಸಾದ ಮಾಡಿಸಿ ಕೊಡತೇನಿ. ಆ ಹುಡಗೀನ ಸುಮ್ಮನ ಕಳಿಸಿಬಿಡ್ರಿ.”

“ಇದ ನೋಡ್ರಿ ದೊಡ್ಡ ಮನಸ ಅಂದ್ರ!” ಎನ್ನುವಾಗ ಕಾಕಾನ ಕಣ್ಣು ತುಂಬಿತು.

ಶೋಭಾಳಿಗೂ ಗಂಡನ ಮೇಲೆ ಅಕ್ಕರೆ ಉಕ್ಕಿತು. ಅದರ ಹಿಂದೆಯೇ ಸಿಟ್ಟೂ ಬಂತು. ಹೊಸದು ಮಾಡಿಸಿದರೆ ಸುಮನ್‌ಳಿಗೆ ಹತ್ತಿದ ಹೆಸರು ಹೋಗುತ್ತದೆಯೇ? ಇವರಿಗೆಲ್ಲ ಬಂಗಾರದ್ದೇ ಚಿಂತೆ, ಬಾಗಿಲಲ್ಲಿ ಕೂತ ಜೀವದ್ದಲ್ಲ.

ಅವಳು ಮತ್ತೊಮ್ಮೆ ದೇವರ ಖೋಲಿಗೆ ಹೋದಳು. ಬೆಳಿಗ್ಗೆ ಜನಜಂಗುಳಿಯಲ್ಲಿ ಸರಿಯಾಗಿ ನೋಡಲು ಯಾರೂ ಬಿಟ್ಟಿರಲಿಲ್ಲ. ಜಗಲಿಯ ಮೇಲೆ ಕೆಂಪು ಬಟ್ಟೆ ಹಾಗೆಯೇ ಹರವಿತ್ತು, ಪಕ್ಕದಲ್ಲಿ ಗಂಟಿಗೆ ಸುತ್ತಿದ್ದ ನಾರಿನ ಹುರಿ. ಕಿಟಕಿಯ ಮೇಲೆ ಸುಮನ್‌ಳ ಚಾಕು. ಕಸಿದುಕೊಂಡ ಹೆಂಗಸರು ಅದನ್ನು ತಂದಿಟ್ಟದ್ದು ಇಲ್ಲಿಯೇ, ಜಗಲಿಯಿಂದ ಕೈಗೆಟಕುವಷ್ಟು ಹತ್ತಿರ.

ಶೋಭಾ ಹುರಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಉದ್ದಕ್ಕೂ ಸೊಟ್ಟ ಸೊಟ್ಟ ಗುರುತುಗಳಿದ್ದವು. ಗಂಟಿನ ಮೇಲೆ ಗಂಟು ಹಾಕಿ ಬಿಗಿದ ಗುರುತುಗಳು. ಒಂದು ಕಡೆ ನಾರು ಸವೆದು ಜುಂಜಾಗಿತ್ತು. ಯಾರೋ ಉಗುರು ಹಾಕಿ ಕೆದಕಿ ಕೆದಕಿ ಬಿಡಿಸಿದ್ದಾರೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುರಿ ಅಖಂಡವಾಗಿತ್ತು.

ಕಾಲಡಿಯಲ್ಲಿ ಏನೋ ಒತ್ತಿದಂತಾಯಿತು. ಬಗ್ಗಿ ನೋಡಿದರೆ ಒಂದು ಕಡಲೆ ಕಾಳು, ನುಸಿ ಹಿಡಿದು ತೂತು ಬಿದ್ದದ್ದು. ಉಸುಳಿ ಮಾಡಿದ ಮನೆಯಲ್ಲಿ ಕಡಲೆ ಕಾಳಿಗೇನು ಬರ! ಬೇಸರದಿಂದ ಅದನ್ನು ಕಿಟಕಿಯಾಚೆ ಒಗೆದು, ಹುರಿ ಮತ್ತು ಚಾಕು ಹಿಡಿದುಕೊಂಡು ಅಂಗಳಕ್ಕೆ ಬಂದಳು.

“ಕಾಕಾ, ಇದನ್ನ ನೋಡ್ರಿ.”

ಕಟ್ಟೆಯ ಮೇಲೆ ಕೂತಿದ್ದ ಕಾಶಿನಾಥ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. “ಏನದು?”

“ಹುರಿ. ಎಲ್ಲೆರ ಕೊಯ್ದದ್ದು ಕಾಣತೈತೇನ್ರಿ?”

“ಇಲ್ಲ. ಬಿಚ್ಚ್ಯಾರ.”

“ಚಾಕೂ ಎಲ್ಲಿತ್ತು? ಅಲ್ಲೇ ಕಿಟಕ್ಯಾಗ. ಕದಿಯಾಕ ಬಂದವರು ಒಂದ ಏಟಿಗೆ ಕೊಯ್ಯಬೇಕೋ, ಉಗರ ಹಾಕಿ ಕೆದರಕೋತ ಕುಂಡ್ರಬೇಕೋ? ಯಾವಾಗ ಯಾರ ಬರತಾರೋ ಅಂತ ಜೀವ ಹಾರತಿರತೈತಿ.”

“ಅದಕ್ಕೇನೀಗ?”

“ಈ ಮನ್ಯಾಗ ಇವತ್ತ ಕೊಯ್ಯಾಕ ಅಂಜದಾಕಿ ಒಬ್ಬಾಕಿನ. ಅದಕ್ಕ ನೀವು ಆಕೀನ ಬೈದ್ರಿ. ಪಂಚಮಿ ದಿನ ಕೊಯ್ಯಬಾರದು ಅಂತ ಆಕಿಗೆ ಗೊತ್ತೇ ಇಲ್ಲ. ಬೆಳಿಗ್ಗೆ ಸೌತಿಕಾಯಿ ಕೊಯ್ದಾಕಿ ಹುರಿ ಕೊಯ್ಯಾಕ ಯಾಕ ಅಂಜತಾಳ್ರಿ ಕಾಕಾ?”

ಜೋಕಾಲಿಯ ಕಿರುಗುಟ್ಟುವ ಸದ್ದು ನಿಂತಿತು. ಹನಮಂತ ಹಗ್ಗ ಹಿಡಿದುಕೊಂಡೇ ಇತ್ತ ತಿರುಗಿದ್ದ. ಬಾಗಿಲಲ್ಲಿ ಸುಮನ್ ತಲೆ ಎತ್ತಿದಳು. ಬೆಳಗಿನಿಂದ ಬೈಸಿಕೊಂಡ ತಪ್ಪೇ ತನ್ನ ಕೈ ಹಿಡಿಯಬಹುದೆಂದು ಪಾಪ ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಕಾಶಿನಾಥನ ಮುಖ ಕೆಂಪಾಯಿತು.

“ಹಂಗಾದ್ರ ನೀ ಏನ ಹೇಳಾಕತ್ತಿ? ಪಂಚಮಿ ನಡಸೋರು ನಾವು. ನಮ್ಮವರ ಕದ್ದಾರ ಅಂತಿ?”

“ಹುರಿ ಬಿಚ್ಚಿದವರು ನಮ್ಮವರ.”

“ಪೊಲೀಸ ಆಗಿ ಹುಟ್ಟಿದ ಮನೀಗೆ ಮಸಿ ಬಳ್ಯಾಕ ಬಂದೀಯೇನ?”

“ಆ ಹುಡಗೀ ಮಾರಿಗೆ ನೀವು ಬಳದೀರಲ್ಲ ಕಾಕಾ, ಅದು?”

ಕಾಶಿನಾಥ ಎದ್ದು ನಿಂತ. ಅವನು ಹಟ ಬಿಡುವ ಗಂಡಸಲ್ಲ. “ಬರೇ ಮಾತ ಬ್ಯಾಡ. ಹೆಸರ ಹೇಳು. ಹೊತ್ತ ಮುಳಗೂದ್ರಾಗ ನಮ್ಮ ಪೈಕಿ ಯಾರು ಅಂತ ಹೆಸರ ಹೇಳು. ಇಲ್ಲಾ, ನಾ ಆಡಿದ ಮಾತ ಆಡಿದ್ದು.”

“ಹೋಗಲಿ ಬಿಡ್ರಿ ಕಾಕಾ,” ಎಂದು ಸೋಮಲಿಂಗ ನಡುವೆ ಬಂದ. “ಬರ್ರಿ, ಕಣ್ಣ ಕಟಗೊಂಡ ಬೇವಿನ ಗಿಡ ಮುಟ್ಟೋ ಆಟ ಆಡೂಣು. ಹುಡಗೂರು ಕಾಯಾಕತ್ತಾವ.”

ಮೋಡದ ಹಿಂದೆ ಹೊತ್ತು ಆಗಲೇ ಇಳಿಯತೊಡಗಿತ್ತು. ಶೋಭಾ ಹಲ್ಲು ಕಚ್ಚಿಕೊಂಡು ಆಯಿಯ ಬಳಿಗೆ ನಡೆದಳು.

ಶೆಟ್ಟೆವ್ವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಆಯಿ, ಗಂಟ ಹೆಂಗ ಕಟ್ಟತಿದ್ದಿ ತೋರಸು,” ಎಂದು ಶೋಭಾ ಹುರಿಯನ್ನು ಅವಳ ಕೈಗಿಟ್ಟಳು.

ಮುದುಕಿ ಎದ್ದು ಕೂತು ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಸಂಧಿ ಊದಿ ಸೊಟ್ಟಗಾಗಿದ್ದವು. ಹುರಿ ಜಾರಿ ನೆಲಕ್ಕೆ ಬಿತ್ತು.

“ಇವೇನ ಮಡಚತಾವೇನ ನನ್ನವ್ವಾ? ಆಗಾಗ ಗಂಟ ಹಿಡದ ಹಿಚಕಿ ನೋಡತಿದ್ನಿ. ಗುಂಡ ಕೈಗೆ ಹತ್ತತಿದ್ದವು, ಇಟ್ಟ ಬರತಿದ್ನಿ. ಕಟ್ಟೂದು ಬಿಚ್ಚೂದು ನಿಮ್ಮವ್ವಂದ ಕೆಲಸ.”

ಶೋಭಾಳ ಕಣ್ಣ ಮುಂದೆ ಅರಿಶಿನ ಮೆತ್ತಿದ ಹೆಬ್ಬೆರಳು ಬಂದು ನಿಂತಿತು.

ಅಡುಗೆಮನೆಯಲ್ಲಿ ದುಂಡವ್ವ ಒಬ್ಬಳೇ ಇದ್ದಳು. ಮಗಳು ಬಂದದ್ದನ್ನು ನೋಡಿ ಎದ್ದು ಬಾಗಿಲು ಹಾಕಿದಳು. ಮಣೆ ಇಟ್ಟಳು. ಶೋಭಾ ಈ ಸಲ ಕೂತಳು. ಅವ್ವನ ಕೈ ಎಳೆದು ಹೆಬ್ಬೆರಳಿನ ಅರಿಶಿನ ಒರೆಸಿದಳು. ಉಗುರು ಅರ್ಧಕ್ಕೆ ಕಿತ್ತು ಬಂದಿತ್ತು.

“ಗಂಟ ಬಿಚ್ಚಿದಾಕಿ ನೀನ.”

“ಹೂಂ, ನಾನ. ಅದನ್ನ ಹೇಳಬೇಕು ಅಂತ ಮುಂಜಾನಿಂದ ಒಳಗ ಬಾ, ಒಳಗ ಬಾ ಅಂತ ಕರ್ಯಾಕತ್ತೇನಿ. ನೀ ಒಮ್ಮೆನೂ ಕುಂಡ್ರಲಿಲ್ಲ.”

ಶೋಭಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಊರವರ ಬಾಯಿ ಬಿಡಿಸುವ ಬುದ್ಧಿವಂತೆ, ತಾಯಿ ತಾನಾಗಿ ಬಾಯಿ ಬಿಡಲು ಬಂದಾಗ ಬೈದು ಕಳಿಸಿದ್ದಳು.

“ಬೋರಮಾಳ ಎಲ್ಲಿ?”

“ಅದ್ರಾಗ ಇದ್ದಿಲ್ಲ.”

“ಇದ್ದಿಲ್ಲ ಅಂದ್ರ?”

ದುಂಡವ್ವ ಉಂಡಿಯ ಡಬ್ಬಿಗೆ ಕೈ ಹಾಕಿ ತಳದಿಂದ ಒಂದು ಕರವಸ್ತ್ರದ ಗಂಟು ತೆಗೆದು ಮಗಳ ಮುಂದೆ ಬಿಚ್ಚಿದಳು. ಕಡಲೆ ಕಾಳು. ಒಂದು ಬೊಗಸೆ, ಎಲ್ಲವೂ ನುಸಿ ತಿಂದವು.

“ಸುಮನ್ ಕೊಳ್ಳಾಗ ಹಾಕಿ ಕಳಸೂಣು ಅಂತ ಬಿಚ್ಚಿದ್ನಿ. ಮೊದಲನೇ ಪಂಚಮಿ, ತಾಯಿ ಇಲ್ಲದಾಕಿ, ಬರೇ ಕೊಳ್ಳಲೆ ಯಾಕ ಹೋಗಬೇಕು? ನಾಕ ಮಂದಿ ಬಂಗಾರ ಹಾಕಿ ಕಳಿಸ್ಯಾರ ಅನ್ನಲಿ ಅಂತ. ಗಂಟ ಬಾಳ ಬಿಗಿ ಇದ್ದವು, ಕೊಯ್ಯೂವಂಗಿಲ್ಲ. ಬಿಚ್ಚಿ ನೋಡಿದ್ರ ಇವು. ಎದಿ ಧಸಕ್ ಅಂತು. ಯಾರೋ ಬಂದಂಗಾತು, ಇವನ್ನ ಸೆರಗಿನ್ಯಾಗ ಕಟಗೊಂಡ ಹೊರಗ ಬಂದ್ನಿ. ಅಷ್ಟರಾಗ ಆ ಹುಡಗಿ ಕೈ ಮುಗ್ಯಾಕ ಹೋಗ್ಯಾಳ.”

ವರ್ಷದ ಹಿಂದಿನ ಕಾಳು. ಸುಮನ್ ಈ ಮನೆಗೆ ಬರುವ ಮೊದಲೇ ಬೋರಮಾಳ ಹೋಗಿತ್ತು.

“ಮತ್ತ ಸುಮ್ಮನ ಯಾಕ ಕುಂತಿ ಅವ್ವಾ? ಆಕಿ ಅಲ್ಲಿ ಬಾಗಲದಾಗ ಕಳ್ಳಿ ಅನಿಸಿಕೊಂಡ ಕುಂತಾಳ, ನೀ ನೋಡಾಕತ್ತಿ!”

“ನಾ ಬಾಯಿ ಬಿಟ್ರ ಯಾರನ್ನ ಕೇಳತಾರು? ಹ್ವಾದ ಪಂಚಮಿಗೆ ಕಟ್ಟಿಟ್ಟಾಕೀನ ಕೇಳತಾರು.”

“ಕಟ್ಟಿಟ್ಟಾಕಿ ನೀನ ಅಲ್ಲೇನು?”

“ಎಲ್ಲಾ ವರ್ಸ ನಾನ. ಹ್ವಾದ ವರ್ಸ ನೀ.” ದುಂಡವ್ವ ಮಗಳ ಮುಖ ನೋಡದೆ ಅಂದಳು. “ನಿನ್ನ ನೌಕರಿ ಎಂಥಾದು ಅಂತ ನನಗ ಗೊತ್ತಿಲ್ಲೇನು? ನಿನ್ನ ಹೆಸರ ಬಂದ್ರ ನೌಕರೀನೂ ಹೋಗತೈತಿ, ಮಾನಾನೂ ಹೋಗತೈತಿ. ಏನರ ಅಡಚಣಿ ಇತ್ತೇನವ್ವಾ? ನನ್ನ ಮುಂದ ಹೇಳಬಾರದಾಗಿತ್ತಾ?”

ಶೋಭಾಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಮೈಯೆಲ್ಲ ಉರಿಯಿತು. ತನ್ನನ್ನು! ಹೆತ್ತ ತಾಯಿ ತನ್ನನ್ನು ಕಳ್ಳಿಯೆಂದುಕೊಂಡು, ತನ್ನನ್ನು ಉಳಿಸಲೆಂದು ಇನ್ನೊಬ್ಬರ ಮಗಳನ್ನು ಬಾಗಿಲಲ್ಲಿ ಕೂರಿಸಿದ್ದಾಳೆ.

“ಅವ್ವಾ, ನಾ ಕಟ್ಟಿಲ್ಲ. ಹ್ವಾದ ವರ್ಸ ಹೊಳಿ ಏರೇತಿ, ಬಂದೋಬಸ್ತಿಗೆ ಬಾ ಅಂತ ಗೋಕಾಕದಿಂದ ಫೋನ್ ಬಂತಲ್ಲ? ಜೋಕಾಲಿ ಮ್ಯಾಲಿಂದ ಇಳದಾಕಿ ಹಂಗ ಓಡಿದ್ನಿ. ಬೋರಮಾಳ ಕೊಳ್ಳಾಗಿಂದ ತಗದ...”

ಮಾತು ಅಲ್ಲಿಯೇ ನಿಂತಿತು.

ಅವಸರದಲ್ಲಿ ತೆಗೆದು ಕೊಟ್ಟಿದ್ದಳು. ಅವ್ವನ ಕೈಗೆ ಮುಟ್ಟಿಸಿರೆಂದು ಹೇಳಿ ಕೊಟ್ಟಿದ್ದಳು. ಕಾರಿನ ಹತ್ತಿರ ನಿಂತಿದ್ದವನ ಅಂಗೈಯಲ್ಲಿ ಅದು ಇನ್ನೂ ಬೆಚ್ಚಗಿದ್ದಿರಬೇಕು.

“ನಾನ ಕಟ್ಟಿಟ್ಟೇನಿ ಅಂತ ನಿನಗ ಯಾರ ಹೇಳಿದ್ರು?”

“ಮತ್ಯಾರು? ಅಳಿಯಂದ್ರು. ‘ಶೋಭಾನ ಕಟ್ಟಿ ಜಗಲಿ ಮ್ಯಾಲ ಇಟ್ಟ ಹೋಗ್ಯಾಳ, ನೀವೇನ ಮತ್ತ ಬಿಚ್ಚಬ್ಯಾಡ್ರಿ’ ಅಂದ್ರು.”

ಹೊರಗೆ ಮೋಟಾರ್ ಸೈಕಲ್ ಶುರುವಾದ ಸದ್ದು ಕೇಳಿತು.

ಶೋಭಾ ಕಡಲೆ ಕಾಳನ್ನು ಮುಷ್ಟಿಯಲ್ಲಿ ಬಾಚಿಕೊಂಡು ಅಂಗಳಕ್ಕೆ ಓಡಿಬಂದಳು. ಸುಮನ್ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲು ದಾಟಿದ್ದಳು. ಹನಮಂತ ಅವಳ ಹಿಂದೆ ಎರಡು ಹೆಜ್ಜೆ ಬಂದು ನಿಂತಿದ್ದ. ರಾಹುಲ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಬೇವಿನ ಮರದ ಕಡೆ ಆಟ ನಡೆದೇ ಇತ್ತು. ಸೋಮಲಿಂಗನ ಕಣ್ಣಿಗೆ ಟವೆಲ್ಲು ಕಟ್ಟಿ ಗರಗರ ತಿರುಗಿಸಿ ಬಿಟ್ಟಿದ್ದರು. ಅವನು ನಗುತ್ತ, ಎರಡೂ ಕೈ ಚಾಚಿಕೊಂಡು, ಮರವನ್ನು ಬಿಟ್ಟು ನೇರವಾಗಿ ಇತ್ತಲೇ ಬರುತ್ತಿದ್ದ.

“ಬಲಕ್ಕ! ಬಲಕ್ಕ ಹೋಗ್ರಿ ಮಾಮಾ!” ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಶೋಭಾ ಸರಿಯಲಿಲ್ಲ. ಅವನ ಕೈ ಅವಳ ತೋಳಿಗೆ ತಾಗಿತು. “ಯಾರಿದು? ಗಿಡ ಅಲ್ಲ, ಬಳಿ ಅದಾವ!” ಎಂದು ಅವನು ನಕ್ಕ.

ಅವಳು ಅವನ ಅಂಗೈ ಹಿಡಿದು ಬಿಡಿಸಿ, ಮುಷ್ಟಿಯಲ್ಲಿದ್ದುದನ್ನು ಅದಕ್ಕೆ ಸುರಿದಳು.

ಸೋಮಲಿಂಗನ ಹೆಬ್ಬೆರಳು ಕಾಳುಗಳ ಮೇಲೆ ಒಮ್ಮೆ ಆಡಿತು. ನಗು ಬಾಯಿಯ ಒಂದು ಕಡೆಯಿಂದ ಇಳಿಯಿತು. ಇದೇನೆಂದು ಅವನು ಕೇಳಲಿಲ್ಲ. ಕಣ್ಣ ಮೇಲಿನ ಟವೆಲ್ಲನ್ನೂ ತೆಗೆಯಲಿಲ್ಲ. ಮುಖವನ್ನು ಅವಳ ಕಿವಿಯ ಹತ್ತಿರ ತಂದು ಮೆಲ್ಲಗೆ ಅಂದ.

“ಶೋಭಾ, ಇನ್ನೂ ಯಾರ ಮುಂದೂ ಹೇಳಿಲ್ಲಲ್ಲ?”

ಕಟ್ಟೆಯ ಮೇಲಿಂದ ಕಾಶಿನಾಥ ಕಾಕಾ ದೊಡ್ಡ ದನಿಯಲ್ಲಿ ಕೂಗಿದ. “ಹೊತ್ತ ಮುಳಗತು ಶೋಭಾ. ಎಲ್ಲಿ, ಹೆಸರ ಹೇಳು!”

ಸುಮನ್ ಮೋಟಾರ್ ಸೈಕಲ್ಲಿನ ಹಿಂದೆ ಕೂರಲು ಒಂದು ಕಾಲು ಎತ್ತಿದವಳು ಹಾಗೆಯೇ ನಿಂತು ಶೋಭಾಳನ್ನೇ ನೋಡುತ್ತಿದ್ದಳು.